ಮತ ಹಾಕದೆ ಕುಳಿತ ಅಧ್ಯಕ್ಷರು

ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಬಸ್ ನಿಂತಾಗ ಒಮ್ಮೊಮ್ಮೆ ಯಾರದೋ ಕಾರು ಸೈರನ್ ಹಾಕಿಕೊಂಡು ಮುಂದೆ ಹೋಗುತ್ತದೆ. ವಿನಾಯಿತಿ, ವಿಶೇಷಾಧಿಕಾರ ಎಂದರೆ ಇದೇ ಎಂದು ನಾನು ತಿಳಿದಿದ್ದೆ. ಬೆನೆಗಲ್ ನರಸಿಂಗ ರಾವ್ ಅವರ ಬಗ್ಗೆ ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ರಾವ್ ಅವರು 1887ರಲ್ಲಿ ಮಂಗಳೂರಿನ ವೈದ್ಯರ ಮನೆಯಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. (ನಮ್ಮ ಮನೆಯಲ್ಲಿ ಉರ್ದು. ಮನೆಮಾತು ಬೇರೆಯಿದ್ದೂ ಇದೇ ನಾಡಿನವರಾದವರ ಕಥೆ ನನಗೆ ಬೇಗ ಹಿಡಿಸುತ್ತದೆ.) ಮದ್ರಾಸ್, ಕೇಂಬ್ರಿಡ್ಜ್‌ಗಳಲ್ಲಿ ಓದಿ ಐಸಿಎಸ್ ಸೇರಿದರು, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ವಾಣಿಜ್ಯ ವಿಭಾಗದವರು ಗಮನಿಸಬೇಕು: ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನೆಗಲ್ ರಾಮರಾವ್ ಇವರ ತಮ್ಮ. 1946ರಲ್ಲಿ ರಾವ್ ಅವರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಅವರು ಸಿದ್ಧಪಡಿಸಿದ ಮೊದಲ ಕರಡನ್ನೇ ಡಾ. ಅಂಬೇಡ್ಕರ್ ಅವರ ಸಮಿತಿ ಪರಿಶೀಲಿಸಿ, ತಿದ್ದಿ ಬೆಳೆಸಿತು.

ಆಮೇಲೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ನ್ಯೂಯಾರ್ಕ್‌ಗೆ ಹೋದರು. 1950ರ ಜೂನ್ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಶುರುವಾಯಿತು. ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ರಾವ್ ಮತ ಹಾಕಿದರು. 27ರಂದು ಅಮೆರಿಕ ಇನ್ನೊಂದು ನಿರ್ಣಯ ತಂದಿತು: ದಕ್ಷಿಣ ಕೊರಿಯಾಕ್ಕೆ ಎಲ್ಲ ರಾಷ್ಟ್ರಗಳೂ ನೆರವು ನೀಡಬೇಕು. ದೆಹಲಿಯಿಂದ ಸೂಚನೆ ಇನ್ನೂ ಬಂದಿರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿದ್ದ ರಾವ್ ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಕೆಲವೇ ದಿನಗಳಲ್ಲಿ ಭಾರತ ತನ್ನ ಒಪ್ಪಿಗೆ ತಿಳಿಸಿತು. ಆದರೆ ಹೋರಾಡುವ ಸೈನ್ಯ ಕಳಿಸಲಿಲ್ಲ, ವೈದ್ಯಕೀಯ ತುಕಡಿಯನ್ನು ಕಳಿಸಿತು.

ನಾನು ಇಲ್ಲಿಯೇ ನಿಂತು ಯೋಚಿಸಿದೆ. ಅಮೆರಿಕದ ನೆಲದಲ್ಲಿ ಕುಳಿತು, ಅಮೆರಿಕ ತಂದ ನಿರ್ಣಯಕ್ಕೆ ಕೈ ಎತ್ತದೆ ಇರಬೇಕಾದರೆ ಆ ಮನುಷ್ಯನಿಗೆ ಏನೋ ರಕ್ಷಣೆ ಇರಲೇಬೇಕು. ಇತ್ತು. ವಿಶ್ವಸಂಸ್ಥೆಯ 1946ರ ಒಪ್ಪಂದದ ಪ್ರಕಾರ ಸದಸ್ಯ ರಾಷ್ಟ್ರದ ಪ್ರತಿನಿಧಿಯನ್ನು ಬಂಧಿಸುವಂತಿಲ್ಲ, ಕಾಗದಪತ್ರ ಮುಟ್ಟುವಂತಿಲ್ಲ, ಸಭೆಯಲ್ಲಿ ಆಡಿದ ಮಾತಿಗೆ ಮೊಕದ್ದಮೆ ಹೂಡುವಂತಿಲ್ಲ. ಆ ಹುದ್ದೆ ಬಿಟ್ಟ ಮೇಲೂ ಆ ಮಾತಿಗೆ ರಕ್ಷಣೆ ಉಳಿಯುತ್ತದೆ. ವಿಚಿತ್ರವೆಂದರೆ ಅಮೆರಿಕ ಈ ಒಪ್ಪಂದಕ್ಕೆ ಸೇರಿದ್ದು 1970ರಲ್ಲಿ! ಆದರೆ ವಿಶ್ವಸಂಸ್ಥೆಯ ಕೇಂದ್ರ ಕಚೇರಿಗಾಗಿ 1947ರಲ್ಲೇ ಅದು ಬೇರೆ ಒಪ್ಪಂದ ಮಾಡಿಕೊಂಡು, ಅಲ್ಲಿ ನೆಲೆಸುವ ಖಾಯಂ ಪ್ರತಿನಿಧಿಗಳಿಗೆ ರಾಯಭಾರಿಗಳಿಗೆ ಸಮನಾದ ರಕ್ಷಣೆ ಕೊಟ್ಟಿತ್ತು.

ರಾತ್ರಿ ಊಟದ ಹೊತ್ತಿಗೆ ಅಬ್ಬಾಗೆ ಇದನ್ನೆಲ್ಲ ಹೇಳಿದೆ. ಹಾಗಾದರೆ ಅಂಥವರು ಕಳ್ಳತನ ಮಾಡಿದರೂ ಹಿಡಿಯುವಂತಿಲ್ಲವೇ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ, ಮತ್ತೆ ಓದಿದೆ. 1946ರ ಒಪ್ಪಂದದಲ್ಲೇ ಉತ್ತರವಿದೆ: ಈ ರಕ್ಷಣೆ ಪ್ರತಿನಿಧಿಯ ಸ್ವಂತ ಲಾಭಕ್ಕಲ್ಲ, ಅವರ ಕೆಲಸಕ್ಕೆ. ಅದು ನ್ಯಾಯಕ್ಕೆ ಅಡ್ಡ ಬಂದರೆ, ಕೆಲಸಕ್ಕೆ ತೊಂದರೆಯಾಗದಿದ್ದಲ್ಲಿ, ಅವರ ದೇಶವೇ ಅದನ್ನು ತೆಗೆದುಹಾಕಬೇಕು. ಸ್ವಂತ ದೇಶದ ಅಧಿಕಾರಿಗಳ ಎದುರು ಅದು ನಡೆಯುವುದೇ ಇಲ್ಲ. ಅಂದರೆ ನ್ಯೂಯಾರ್ಕ್‌ನಲ್ಲಿ ಇದ್ದ ಈ ರಕ್ಷಣೆಯನ್ನು ರಾವ್ ಅವರು ದೆಹಲಿಯಲ್ಲಿ ತೋರಿಸುವಂತಿರಲಿಲ್ಲ. ಅಬ್ಬಾ ತಲೆಯಾಡಿಸಿ, ಸೈರನ್ ಕಾರಿನವರಿಗೂ ಇದನ್ನು ಓದಲು ಕೊಡು ಎಂದರು.

1952ರಲ್ಲಿ ರಾವ್ ಅವರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅವಧಿ ಒಂಬತ್ತು ವರ್ಷ. ಎರಡು ವರ್ಷವೂ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಜ್ಯೂರಿಕ್‌ನಲ್ಲಿ ತೀರಿಕೊಂಡರು.