ಜಲವೀರ ತಿಯೋಫಿಲೊ ಇಲ್ದೆಫೊನ್ಸೊ

ಈಜು ನಮ್ಮ ಹಳ್ಳಿಗಾಡಿನ ಬಾಲಕರು ಯಾವ ಗುರುವಿನ ಹಂಗೂ ಇಲ್ಲದೆ ಕಲಿತುಕೊಳ್ಳುವ ವಿದ್ಯೆ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಬಿಗಿದು, ಅಣ್ಣಂದಿರು ಬಾವಿಗೆ ನೂಕಿದ ದಿನವೇ ಅದರ ವಿದ್ಯಾರಂಭ. ಇಂಥ ಹಳ್ಳಿಯ ಈಜಿನಿಂದ ಹೊರಟು, ಜಗತ್ತೇ ನೆರೆದಿದ್ದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಎರಡು ಸಲ ಪದಕ ಗಳಿಸಿದ ಏಷ್ಯಾದ ಒಬ್ಬ ಸಾಮಾನ್ಯ ಸಿಪಾಯಿಯ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಏಷ್ಯಾ ಖಂಡದಲ್ಲಿ ಕಥೋಲಿಕರು ಬಹುಸಂಖ್ಯಾತರಾಗಿರುವ ದೊಡ್ಡ ನಾಡು ಫಿಲಿಪ್ಪೀನ್ಸ್ ಎಂಬುದು ನಮ್ಮ ಧರ್ಮಕೇಂದ್ರದವರಿಗೆ ತಿಳಿಯದ ಸಂಗತಿಯೇನಲ್ಲ. ಆ ದ್ವೀಪಸಮೂಹದ ಉತ್ತರದಲ್ಲಿರುವ ಇಲೊಕೊಸ್ ನೋರ್ತೆ ಪ್ರಾಂತದ ಪಿದ್ದಿಗ್ ಎಂಬ ಊರಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಿಯೋಫಿಲೊ ಇಲ್ದೆಫೊನ್ಸೊ ಜನಿಸಿದರು. ಊರಿನ ಬಳಿ ಹರಿಯುವ ಗುಯಿಸಿತ್ ನದಿಯೇ ಅವರ ಈಜುಗೊಳ, ಅದರ ಪ್ರವಾಹವೇ ಅವರ ಶಿಕ್ಷಕ. ಹರಿಯುವ ನೀರಿನಲ್ಲಿ ಪಳಗಿದ ತೋಳಿಗೆ ನಿಂತ ನೀರು ಹಗುರವಾಗಿ ತೋರುವುದು ಸಹಜವೇ ಸರಿ.

ಆಗ ಫಿಲಿಪ್ಪೀನ್ಸ್ ಸ್ವತಂತ್ರವಾಗಿರಲಿಲ್ಲ. ಸ್ಪೇನಿನ ಆಳ್ವಿಕೆ ಮುಗಿದು ಅಮೆರಿಕದ ಆಡಳಿತ ನಡೆಯುತ್ತಿತ್ತು. ಅಮೆರಿಕದ ಸೈನ್ಯದಲ್ಲಿ ಫಿಲಿಪ್ಪೀನ್ ಸ್ಕೌಟ್ಸ್ ಎಂಬ ವಿಭಾಗವೊಂದಿತ್ತು. ಸಿಪಾಯಿಗಳು ಆ ನಾಡಿನವರು, ಅಧಿಕಾರಿಗಳು ಬಹುಪಾಲು ಅಮೆರಿಕದವರು. ನಮ್ಮ ಹಿರಿಯರಿಗೆ ಇಂಥ ಏರ್ಪಾಡಿನ ಪರಿಚಯ ಬೇರೆ ಹೆಸರಿನಿಂದ ಇದ್ದೇ ಇತ್ತು. ಯುವಕ ಇಲ್ದೆಫೊನ್ಸೊ ಈ ಸೈನ್ಯಕ್ಕೆ ಸೇರಿದರು. ಅಲ್ಲಿ ಅವರ ಈಜುಗಾರಿಕೆ ಬೆಳಕಿಗೆ ಬಂದಿತು. ಅಂದಿನ ದಿನಗಳಲ್ಲಿ ಫಿಲಿಪ್ಪೀನ್ಸ್, ಜಪಾನ್, ಚೀನ ದೇಶಗಳು ಸರದಿಯಂತೆ ನಡೆಸುತ್ತಿದ್ದ ದೂರಪ್ರಾಚ್ಯ ಕ್ರೀಡಾಕೂಟಗಳಲ್ಲಿ ಅವರು ಗೆಲುವಿನ ಮೇಲೆ ಗೆಲುವು ಸಾಧಿಸಿದರು. ಇಲೊಕೊಸಿನ ಶಾರ್ಕ್ ಎಂಬ ಬಿರುದು ಅವರಿಗೆ ಅಂಟಿಕೊಂಡಿತು.

ಅವರು ಆರಿಸಿಕೊಂಡದ್ದು ಬ್ರೆಸ್ಟ್‌ಸ್ಟ್ರೋಕ್ ಈಜನ್ನು. ಎದೆಯನ್ನು ಕೆಳಗೆ ಮಾಡಿ, ಎರಡು ಕೈಗಳನ್ನೂ ಏಕಕಾಲಕ್ಕೆ ಮುಂದೆ ಚಾಚಿ ನೀರನ್ನು ಇಬ್ಬದಿಗೆ ಒತ್ತಿ, ಕಾಲುಗಳನ್ನು ಮಡಿಸಿ ಹಿಂದಕ್ಕೆ ಒದೆಯುವ ಈ ಬಗೆಯನ್ನು ನಮ್ಮಲ್ಲಿ ಕಪ್ಪೆ ಈಜು ಎನ್ನುವುದುಂಟು. ಹೆಸರು ವಿನೋದವಾಗಿದ್ದರೂ ಕೆಲಸ ಸುಲಭದ್ದಲ್ಲ. ಪೈಪೋಟಿಯ ಈಜುಗಳಲ್ಲೆಲ್ಲ ಇದು ನಿಧಾನವಾದದ್ದು; ಕೈಕಾಲುಗಳನ್ನು ಮುಂದಕ್ಕೆ ತರುವಾಗ ನೀರು ದೇಹವನ್ನು ಪ್ರತಿಸಲವೂ ತಡೆಯುತ್ತದೆ. ಆದುದರಿಂದ ಬಲಕ್ಕಿಂತ ಹೊಂದಾಣಿಕೆಯೇ ಇಲ್ಲಿ ಮುಖ್ಯ. ಕೈಯ ಎಳೆತವೂ ಕಾಲಿನ ಒದೆತವೂ ಕ್ಷಣವೊಂದು ತಪ್ಪಿದರೂ ವೇಗ ಕುಗ್ಗುತ್ತದೆ.

1928ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ನಮ್ಮ ದೇಶದ ಹಾಕಿ ತಂಡ ಪ್ರಥಮ ಬಾರಿಗೆ ಚಿನ್ನದ ಪದಕ ಪಡೆದದ್ದು ಇದೇ ಕೂಟದಲ್ಲಿ. ಅಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಜಪಾನಿನ ನೌಕಾಪಡೆಯ ಯೊಶಿಯುಕಿ ತ್ಸುರುತಾ 2 ನಿಮಿಷ 48.8 ಸೆಕೆಂಡುಗಳಲ್ಲಿ ಗುರಿಮುಟ್ಟಿ ಪ್ರಥಮ ಸ್ಥಾನ ಪಡೆದರು. ಆ ಕಾಲದ ಪ್ರಖ್ಯಾತ ಈಜುಪಟು, ಜರ್ಮನಿಯ ಎರಿಕ್ ರಾಡೆಮಾಕರ್ ಎರಡನೆಯವರಾದರು. ಇಲ್ದೆಫೊನ್ಸೊ 2 ನಿಮಿಷ 56.4 ಸೆಕೆಂಡುಗಳಲ್ಲಿ ಬಂದು ಕಂಚಿನ ಪದಕ ಗೆದ್ದರು. ಫಿಲಿಪ್ಪೀನ್ಸಿಗೆ, ಅಷ್ಟೇ ಏಕೆ, ಆಗ್ನೇಯ ಏಷ್ಯಾಕ್ಕೇ ದೊರೆತ ಮೊತ್ತಮೊದಲ ಒಲಿಂಪಿಕ್ ಪದಕ ಅದು. ಅದಕ್ಕೆ ಹಿಂದಿನ 1924ರ ಕೂಟಕ್ಕೆ ಆ ನಾಡಿನಿಂದ ಹೋಗಿದ್ದವರು ಒಬ್ಬನೇ ಒಬ್ಬ ಓಟಗಾರ ಎಂಬುದನ್ನು ನೆನೆದರೆ ಈ ಸಾಧನೆಯ ಬೆಲೆ ತಿಳಿದೀತು.

ನಾಲ್ಕು ವರ್ಷಗಳ ತರುವಾಯ, 1932ರಲ್ಲಿ, ಲಾಸ್ ಏಂಜಲೀಸಿನಲ್ಲಿ ಅವರು ಮರಳಿ ನೀರಿಗಿಳಿದರು. ಮತ್ತೆ ತ್ಸುರುತಾ ಅವರೇ ಮೊದಲಿಗರು, 2 ನಿಮಿಷ 45.4 ಸೆಕೆಂಡು. ಎರಡನೆಯ ಸ್ಥಾನ ರೇಜೊ ಕೊಯಿಕೆ ಎಂಬ ಜಪಾನಿನ ಹದಿನಾರು ವರ್ಷದ ಹುಡುಗನಿಗೆ ಹೋಯಿತು. ಇಲ್ದೆಫೊನ್ಸೊ ಮರಳಿ ಮೂರನೆಯವರು. ಆದರೆ ಈ ಸಲ ಅವರ ಕಾಲ 2 ನಿಮಿಷ 47.1 ಸೆಕೆಂಡು. ಫಲಿತಾಂಶದ ಪಟ್ಟಿಯಲ್ಲಿ ಎರಡು ಕಂಚುಗಳೂ ಒಂದೇ ತೂಕದವಾಗಿ ಕಾಣುತ್ತವೆ. ವಾಚಕರು ಕಾಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಕೂಟದಲ್ಲಿ ವಿಜೇತನಿಗಿಂತ 7.6 ಸೆಕೆಂಡು ಹಿಂದಿದ್ದವರು ಎರಡನೆಯ ಕೂಟದಲ್ಲಿ 1.7 ಸೆಕೆಂಡಿನಷ್ಟು ಮಾತ್ರ ಹಿಂದುಳಿದರು. 1928ರಲ್ಲಿ ಚಿನ್ನ ಗೆದ್ದ ಕಾಲಕ್ಕಿಂತ 1932ರ ಅವರ ಕಂಚಿನ ಕಾಲವೇ ಉತ್ತಮ! ಅವರು ಅಷ್ಟು ಮುಂದೆ ಬಂದರು, ಎದುರಾಳಿಗಳೂ ನಿಂತಿರಲಿಲ್ಲ. ಇದನ್ನು ಸೋಲು ಎನ್ನಲು ಈ ಲೇಖಕನಿಗೆ ಮನಸ್ಸು ಬಾರದು.

1936ರಲ್ಲಿ ಬರ್ಲಿನ್ನಿಗೂ ಹೋದರು. ಆಗ ಅವರಿಗೆ ಮೂವತ್ತು ದಾಟಿತ್ತು. ಅಂತಿಮ ಸುತ್ತನ್ನು ತಲಪಿದರಾದರೂ ಏಳನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಅಲ್ಲಿಯೂ ಚಿನ್ನ ಜಪಾನಿನದೇ. ಗೆದ್ದವರು ತೆತ್ಸುವೊ ಹಮುರೊ. ಹೀಗೆ ಮೂರು ಒಲಿಂಪಿಕ್ಸ್‌ಗಳಲ್ಲೂ ಈ ಸಿಪಾಯಿಯ ಮುಂದೆ ಈಜಿದವರು ಜಪಾನೀಯರು. ಅವರು ನ್ಯಾಯವಾಗಿಯೇ, ನೀರಿನಲ್ಲಿಯೇ, ಗೆದ್ದರು.

ಮುಂದೆ ಬಂದ ಜಪಾನೀಯರು ಈಜುಗಾರರಲ್ಲ. 1941ರ ಡಿಸೆಂಬರಿನಲ್ಲಿ ಜಪಾನಿನ ಸೇನೆ ಫಿಲಿಪ್ಪೀನ್ಸಿನ ಮೇಲೆ ಎರಗಿತು. ಇಲ್ದೆಫೊನ್ಸೊ ಫಿಲಿಪ್ಪೀನ್ ಸ್ಕೌಟ್ಸ್‌ನ 57ನೆಯ ಕಾಲಾಳು ದಳದಲ್ಲಿದ್ದರು. ಮನಿಲಾ ಕೊಲ್ಲಿಯ ಪಶ್ಚಿಮಕ್ಕಿರುವ ಬಟಾನ್ ಪರ್ಯಾಯದ್ವೀಪಕ್ಕೆ ಹಿಂಜರಿದ ಸೈನ್ಯ, ಅರೆಹೊಟ್ಟೆಯಲ್ಲಿ, ಮಲೇರಿಯಾದಿಂದ ನರಳುತ್ತ, ಮೂರು ತಿಂಗಳಿಗೂ ಹೆಚ್ಚು ಕಾಲ ಶತ್ರುವನ್ನು ತಡೆಯಿತು. 1942ರ ಏಪ್ರಿಲ್ 9ರಂದು ಅದು ಶರಣಾಗತವಾಯಿತು. ಸೆರೆಸಿಕ್ಕವರನ್ನು ಬೇಸಗೆಯ ಉರಿಬಿಸಿಲಿನಲ್ಲಿ ಸುಮಾರು 100 ಕಿಲೋಮೀಟರ್ ನಡೆಸಿದರು. ಬಟಾನ್ ಮರಣಯಾತ್ರೆಯೆಂದು ಚರಿತ್ರೆ ಅದನ್ನು ಹೆಸರಿಸಿದೆ. ಕುಸಿದುಬಿದ್ದವರನ್ನು ಬಯೊನೆಟ್ಟಿನಿಂದ ಇರಿದರು. ನೀರಿಗಾಗಿ ಸಾಲು ಬಿಟ್ಟವರಿಗೆ ಗುಂಡು ಹೊಡೆದರು. ಸಾನ್ ಫೆರ್ನಾಂದೊ ತಲಪಿದವರನ್ನು ಗೂಡ್ಸ್ ಡಬ್ಬಿಗಳಲ್ಲಿ ಉಸಿರುಗಟ್ಟುವಂತೆ ತುಂಬಿ ಕಾಪಾಸ್ ಎಂಬಲ್ಲಿಗೆ ಸಾಗಿಸಿ, ಮತ್ತೆ ನಡೆಸಿ, ಓಡಾನೆಲ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಕುಡಿಯುವ ನೀರಿಗೂ ಗಂಟೆಗಟ್ಟಲೆ ಸಾಲು ನಿಲ್ಲಬೇಕಿತ್ತು. ರಕ್ತಭೇದಿ, ಮಲೇರಿಯಾಗಳಿಂದ ಕೆಲವೇ ತಿಂಗಳಲ್ಲಿ ಸತ್ತ ಫಿಲಿಪ್ಪೀನೊ ಸೈನಿಕರು 20,000ಕ್ಕೂ ಅಧಿಕ.

ಮರಣಯಾತ್ರೆಯನ್ನು ಇಲ್ದೆಫೊನ್ಸೊ ಬದುಕಿ ಮುಗಿಸಿದರು, ಶಿಬಿರವನ್ನು ದಾಟಲಾಗಲಿಲ್ಲ. 1942ರ ಜೂನ್ ತಿಂಗಳಲ್ಲಿ ಅವರು ಸೆರೆಯಾಳಾಗಿಯೇ ತೀರಿಕೊಂಡರು. ಅದೇ ವರ್ಷ ಮುಂದೆ ಫಿಲಿಪ್ಪೀನೊ ಸೆರೆಯಾಳುಗಳಲ್ಲಿ ಬಹುಮಂದಿಯನ್ನು ಬಿಟ್ಟು ಕಳುಹಿಸಲಾಯಿತು. ಅವರ ಪಾರ್ಥಿವ ಶರೀರ ಮನೆಯವರಿಗೆ ದೊರೆಯಲೇ ಇಲ್ಲ. ಅವರು ಪದಕ ತಂದುಕೊಟ್ಟ ನಾಡು ಸ್ವತಂತ್ರವಾದದ್ದು 1946ರ ಜುಲೈ 4ರಂದು. ಎರಡು ಸಲ ಅವರನ್ನು ಹಿಂದಿಕ್ಕಿದ ತ್ಸುರುತಾ ಯುದ್ಧದಿಂದ ಉಳಿದು 1986ರವರೆಗೆ ಬದುಕಿದ್ದರು.

2010ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನ ಇಲ್ದೆಫೊನ್ಸೊ ಅವರ ಹೆಸರನ್ನು ಸೇರಿಸಿಕೊಂಡಿತು. ಎರಡು ಒಲಿಂಪಿಕ್ ಪದಕ ಪಡೆದ ಮತ್ತೊಬ್ಬ ಫಿಲಿಪ್ಪೀನೊ ಕ್ರೀಡಾಪಟುವನ್ನು ಕಾಣಲು ಆ ದೇಶ 2021ರವರೆಗೆ ಕಾಯಬೇಕಾಯಿತು. ಆ ವರ್ಷ ಭಾರ ಎತ್ತುವ ಸ್ಪರ್ಧೆಯಲ್ಲಿ ಹಿಡಿಲಿನ್ ಡಿಯಾಜ್ ಚಿನ್ನ ಗೆದ್ದರು, ಅದೂ ಜಪಾನಿನ ಟೋಕಿಯೊ ನಗರದಲ್ಲಿ. ಈಜಿನಲ್ಲಾದರೋ, ಪಿದ್ದಿಗ್‌ನ ಸಿಪಾಯಿ ತಂದ ಆ ಎರಡು ಕಂಚುಗಳ ಜೊತೆಗೆ ಮೂರನೆಯ ಪದಕ 2024ರ ಪ್ಯಾರಿಸ್ ಕೂಟದವರೆಗೂ ಸೇರಿರಲಿಲ್ಲ.