ವನ್ಯಜೀವಿಗಳ ವಕೀಲ ಜಾನ್ ಲೇಸಿ

ಶಿಕ್ಷೆಯ ಕಲಮಿಲ್ಲದ ಕಾಯಿದೆ ಬಾಗಿಲಿಲ್ಲದ ಉಗ್ರಾಣವಿದ್ದಂತೆ. ಇದನ್ನು ಚೆನ್ನಾಗಿ ಅರಿತಿದ್ದ ಅಮೆರಿಕದ ಶಾಸಕರೊಬ್ಬರು ಜಾನ್ ಫ್ಲೆಚರ್ ಲೇಸಿಯವರು. ಇಂದು ಪಶ್ಚಿಮ ವರ್ಜೀನಿಯಕ್ಕೆ ಸೇರಿರುವ ನ್ಯೂ ಮಾರ್ಟಿನ್ಸ್‌ವಿಲ್‌ನಲ್ಲಿ 1841ರ ಮೇ 30ರಂದು ಜನಿಸಿದ ಇವರು 1855ರಲ್ಲಿ ತಂದೆತಾಯಿಗಳೊಡನೆ ಅಯೋವ ಸಂಸ್ಥಾನಕ್ಕೆ ವಲಸೆ ಬಂದರು. ಅಂತರ್ಯುದ್ಧದಲ್ಲಿ ಸಿಪಾಯಿಯಾಗಿ ಸೆರೆಸಿಕ್ಕಿ, ಬಿಡುಗಡೆಯಾಗಿ, ಪುನಃ ಸೈನ್ಯ ಸೇರಿದರು. ಯುದ್ಧ ಮುಗಿದ ಮೇಲೆ ಆಸ್ಕಲೂಸ ಪಟ್ಟಣದಲ್ಲಿ ವಕೀಲಿ ಹಿಡಿದು, ರೈಲ್ವೆ ಮೊಕದ್ದಮೆಗಳ ತೀರ್ಪುಗಳನ್ನು ಕ್ರೋಡೀಕರಿಸಿ ಗ್ರಂಥವನ್ನೂ ಪ್ರಕಟಿಸಿದರು. ಈ ರೈಲ್ವೆ ಪಾಂಡಿತ್ಯ ಮುಂದೆ ಪಕ್ಷಿಗಳ ನೆರವಿಗೆ ಬಂದಿತೆಂದೇ ನಮ್ಮ ಊಹೆ.

1872ರಲ್ಲಿಯೇ ಯೆಲ್ಲೋಸ್ಟೋನ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಗಿತ್ತು. ಆದರೆ ಅಲ್ಲಿ ಬೇಟೆಯಾಡಿದವನಿಗೆ ತಕ್ಕ ದಂಡನೆಯಿರಲಿಲ್ಲ. 1887ರಲ್ಲಿ ಆ ಉದ್ಯಾನದೊಳಗೆ ದರೋಡೆಗೊಳಗಾದ ಕುದುರೆಗಾಡಿಯೊಂದರಲ್ಲಿ ಲೇಸಿಯವರೂ ಪ್ರಯಾಣಿಕರಾಗಿದ್ದರು. ಎರಡು ವರ್ಷಗಳ ಬಳಿಕ ಅವರು ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. 1894ರ ಮಾರ್ಚಿಯಲ್ಲಿ ಹೊವೆಲ್ ಎಂಬ ಕಳ್ಳಬೇಟೆಗಾರನು ಹಿಮದ ನಡುವೆ ಬೈಸನ್ ಎಂಬ ಕಾಡೆಮ್ಮೆಗಳನ್ನು ಕೊಂದು ಸಿಕ್ಕಿಬಿದ್ದನು. ಅವನ ಸಾಮಾನುಗಳನ್ನು ಕಿತ್ತುಕೊಂಡು ಹೊರಗಟ್ಟುವುದಷ್ಟೇ ಅಧಿಕಾರಿಗಳಿಗೆ ಸಾಧ್ಯವಿತ್ತು! ಪತ್ರಿಕೆಗಳು ಈ ಸುದ್ದಿಯನ್ನು ಎತ್ತಿ ಆಡಿದವು. ಲೇಸಿಯವರ ಮಸೂದೆ ಮೇ 7ರಂದೇ ಕಾಯಿದೆಯಾಯಿತು: 1,000 ಡಾಲರುಗಳವರೆಗೆ ದಂಡ, ಇಲ್ಲವೆ 2 ವರ್ಷಗಳವರೆಗೆ ಸೆರೆ, ಇಲ್ಲವೆ ಎರಡೂ. ಆದರೂ 1902ರ ವೇಳೆಗೆ ಅಲ್ಲಿನ ಕಾಡು ಹಿಂಡಿನಲ್ಲಿ ಎಣಿಕೆಗೆ ಸಿಕ್ಕವು ಸುಮಾರು ಎರಡು ಡಜನ್ ಮಾತ್ರ. ಆ ಅಳಿದುಳಿದವುಗಳ ವಂಶ ಮುಂದುವರಿದು, ಇಂದು ಯೆಲ್ಲೋಸ್ಟೋನಿನಲ್ಲಿ ಸಾವಿರಾರು ಬೈಸನ್‌ಗಳಿವೆ.

ಅವರ ಹೆಸರನ್ನು ಉಳಿಸಿದ್ದು 1900ರ ಮೇ 25ರ ಲೇಸಿ ಕಾಯಿದೆ. ಅಂದು ಬೇಟೆಗಾರರು ಕೊಂದ ಹಕ್ಕಿಗಳು ಪೀಪಾಯಿಗಳಲ್ಲಿ ತುಂಬಿ ರೈಲಿನ ಮೂಲಕ ಮಹಾನಗರಗಳ ಹೋಟೆಲುಗಳಿಗೆ ಹೋಗುತ್ತಿದ್ದವು. ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಗೂಡಿನಲ್ಲಿ ಮರಿಗಳಿರುವಾಗಲೇ ಬೆಳ್ಳಕ್ಕಿಗಳನ್ನು ಕೊಲ್ಲುತ್ತಿದ್ದರು. ಒಂದು ಸಂಸ್ಥಾನದಲ್ಲಿ ಬೇಟೆ ನಿಷಿದ್ಧವಾದರೆ ಮಾಲು ಗಡಿ ದಾಟಿಬಿಡುತ್ತಿತ್ತು, ಮುಂದೆ ಕೇಳುವವರಿಲ್ಲ. ತಟ್ಟೆಯಲ್ಲಿರುವುದು ಎಲ್ಲಿಂದ ಬಂದಿತೆಂದು ಗಿರಾಕಿ ವಿಚಾರಿಸುವುದಿಲ್ಲವೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೇಸಿಯವರು ಬಂದೂಕನ್ನು ಹುಡುಕಿ ಹೋಗದೆ ಸಾಗಣೆಗೇ ಕೈಹಾಕಿದರು. ಸಂಸ್ಥಾನದ ಕಾನೂನು ಮುರಿದು ಕೊಂದ ಪ್ರಾಣಿಪಕ್ಷಿಗಳನ್ನು ಗಡಿಯಾಚೆಗೆ ಸಾಗಿಸುವುದೇ ಕೇಂದ್ರ ಸರಕಾರದ ದೃಷ್ಟಿಯಲ್ಲಿ ಅಪರಾಧವೆನಿಸಿತು. ಈ ಕಾಯಿದೆ ಇಂದಿಗೂ ಜಾರಿಯಲ್ಲಿದೆ. 2008ರ ತಿದ್ದುಪಡಿಯಿಂದ ಕಳ್ಳಮರವೂ ಇದರ ವ್ಯಾಪ್ತಿಗೆ ಬಂದಿತು.

1902ರಲ್ಲಿ ನ್ಯೂ ಮೆಕ್ಸಿಕೋದ ಪುರಾತನ ವಸತಿಗಳ ಅವಶೇಷಗಳನ್ನು ವಿದ್ವಾಂಸ ಎಡ್ಗರ್ ಹ್ಯೂಯೆಟ್ಟರೊಡನೆ ಕಂಡುಬಂದ ಲೇಸಿಯವರು, ಅವರೇ ರಚಿಸಿದ ಕರಡನ್ನು ಸಭೆಯಲ್ಲಿ ಮಂಡಿಸಿದರು. 1906ರ ಜೂನ್ 8ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಅಂಕಿತ ಬಿದ್ದಿತು. ಸರಕಾರಿ ಭೂಮಿಯಲ್ಲಿರುವ ಅಪೂರ್ವ ತಾಣಗಳನ್ನು ಘೋಷಣೆಯೊಂದರಿಂದಲೇ ರಾಷ್ಟ್ರೀಯ ಸ್ಮಾರಕವಾಗಿಸುವ ಅಧಿಕಾರ ಅಧ್ಯಕ್ಷರಿಗೆ ಲಭಿಸಿತು. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಗೆ 1908ರಲ್ಲಿ ರಕ್ಷಣೆ ದೊರೆತದ್ದು ಇದರಿಂದಲೇ.

ವಿಚಿತ್ರವೆಂದರೆ, ಅದೇ 1906ರ ಚುನಾವಣೆಯಲ್ಲಿ ಮತದಾರರು ಅವರನ್ನು ಸೋಲಿಸಿದರು. ಎಂಟು ಅವಧಿಗಳ ಸೇವೆ ಮುಗಿಸಿ ಲೇಸಿಯವರು ಆಸ್ಕಲೂಸಕ್ಕೆ ಮರಳಿ, ಹಳೆಯ ವಕೀಲಿಯನ್ನೇ ಮುಂದುವರಿಸಿದರು. 1913ರ ಸೆಪ್ಟೆಂಬರ್ 29ರಂದು ಅಲ್ಲಿಯೇ ನಿಧನರಾದರು. ಹಿಂದೊಮ್ಮೆ ಆಕಾಶವನ್ನೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕುಲಕ್ಕೆ ಮಾತ್ರ ಅವರ ಕಾಯಿದೆ ತಡವಾಗಿತ್ತು. ಆ ಜಾತಿಯ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಪ್ರಾಣಬಿಟ್ಟಿತು.