ಪುಸ್ತಕ ಕಟ್ಟುತ್ತಿದ್ದ ಮೈಕೆಲ್ ಫ್ಯಾರಡೆ

ನಮ್ಮ ಮಕ್ಕಳ ವಿಜ್ಞಾನ ಪಠ್ಯದಲ್ಲಿ ಬರುವ ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳನ್ನು ಬಳಕೆಗೆ ತಂದವರು ಶಾಲೆಯ ಮುಖವನ್ನು ಸರಿಯಾಗಿ ಕಾಣದ ಒಬ್ಬ ಕಮ್ಮಾರನ ಮಗ. ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ದಕ್ಷಿಣದಂಚಿನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ ಜನಿಸಿದರು. ಓದು, ಬರೆಹ, ಒಂದಿಷ್ಟು ಲೆಕ್ಕ, ಇಷ್ಟೇ ಅವರಿಗೆ ದೊರೆತ ಶಿಕ್ಷಣ. 1804ರಲ್ಲಿ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿ ಸೇರಿದ ಬಾಲಕ, ಮರುವರ್ಷದಿಂದ ಏಳು ವರ್ಷಗಳ ಕರಾರಿನ ಮೇಲೆ ಅಲ್ಲಿಯೇ ಬೈಂಡಿಂಗ್ ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನು ಓದಿಯೂ ನೋಡುತ್ತಿದ್ದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸರಳ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಗ್ರಂಥ ಅವನ ದಿಕ್ಕನ್ನೇ ಬದಲಿಸಿತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಿಂದ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳುವ ಯೋಗ ಒದಗಿತು. ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಅಂದವಾಗಿ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದರು. 1813ರ ಮಾರ್ಚಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು. ಡೇವಿ ದಂಪತಿಗಳೊಡನೆ ಯುರೋಪ್ ಪ್ರವಾಸಕ್ಕೆ ಹೋದಾಗ ಪರಿಚಾರಕನ ಕೆಲಸವೂ ಅವರ ಪಾಲಿಗೇ ಬಂದಿತು.

1825ರಲ್ಲಿ ಬೆಂಜೀನ್, 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ. ಇವು ಎಲ್ಲರೂ ಬಲ್ಲ ಸಾಧನೆಗಳು. ನಮಗೆ ಇಲ್ಲಿ ಮುಖ್ಯವೆನಿಸುವುದು 1833-34ರ ಕೆಲಸ. ದ್ರಾವಣದಲ್ಲಿ ಹರಿದ ವಿದ್ಯುತ್ತಿನ ಪ್ರಮಾಣಕ್ಕೂ ಬೇರ್ಪಡುವ ಪದಾರ್ಥದ ತೂಕಕ್ಕೂ ನೇರ ಅನುಪಾತವಿದೆಯೆಂದು ಅವರು ತೋರಿಸಿದರು. ಹೊಸ ಸಂಗತಿಗೆ ಹೊಸ ಹೆಸರುಗಳು ಬೇಕಾದವು. ಗ್ರೀಕ್ ಅರಿಯದ ಫ್ಯಾರಡೆ ಯಾವ ಸಂಕೋಚವೂ ಇಲ್ಲದೆ ಕೇಂಬ್ರಿಜ್‌ನ ಪಂಡಿತ ವಿಲಿಯಂ ಹ್ಯೂವೆಲ್ ಅವರಿಗೆ ಪತ್ರ ಬರೆದು ಕೇಳಿದರು. ಆನೋಡ್, ಕ್ಯಾಥೋಡ್, ಅಯಾನು ಹುಟ್ಟಿದ್ದು ಹೀಗೆ. ಅಂದರೆ ಇಂಗ್ಲಿಷಿನಲ್ಲಿಯೂ ಇವು ಮನೆಮಾತಲ್ಲ, ಕಟ್ಟಿಕೊಂಡ ಪದಗಳೇ. ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂದು ಕೇಳುವವರು ಇದನ್ನು ಗಮನಿಸಬೇಕು.

ಅದೇ ಕಾಲದಲ್ಲಿ ಅವರು ಅಸಿಟೇಟ್ ದ್ರಾವಣದಲ್ಲಿ ವಿದ್ಯುತ್ ಹರಿಸಿ, ಹೊಮ್ಮಿದ ಅನಿಲಗಳನ್ನು ಪರೀಕ್ಷಿಸಿದ್ದರು. ಈ ಜಾಡನ್ನು ಮುಂದೆ ಜರ್ಮನಿಯ ಹರ್ಮನ್ ಕೋಲ್ಬೆ ವಿಸ್ತರಿಸಿದರು. ಇಂದು ಇದೇ ವಿದ್ಯೆ ರಾಸಾಯನಿಕ ತಯಾರಿಕೆಯಲ್ಲಿ ಹೊಸ ಬೆಲೆ ಪಡೆದಿದೆ. ಅನೇಕ ವಸ್ತುಗಳನ್ನು ಉತ್ಕರ್ಷಿಸಲು ಕ್ರೋಮಿಯಂ, ಮ್ಯಾಂಗನೀಸ್ ಸಂಯುಕ್ತಗಳನ್ನು ಸುರಿಯುತ್ತಾರೆ. ಕೆಲಸ ಮುಗಿದ ಮೇಲೆ ಅವು ಕೊಳೆಯಾಗಿ ಉಳಿಯುತ್ತವೆ. ಆ ಕೆಲಸವನ್ನು ವಿದ್ಯುತ್ತಿಗೇ ವಹಿಸಿದರೆ ಆ ಕೊಳೆ ಉಳಿಯದು. ಸಣ್ಣ ಹರಿವಿನ ಕೋಶಗಳಲ್ಲಿ ಎರಡು ವಿದ್ಯುದಗ್ರಗಳ ನಡುವಣ ಸೀಳು ಒಂದು ಮಿಲಿಮೀಟರಿಗಿಂತ ಕಿರಿದಾಗಿರಬಹುದು. ದ್ರವ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಪದಾರ್ಥವಾಗಿ ಹೊರಬರುತ್ತದೆ. ಅಂತರ ಕಿರಿದಾದುದರಿಂದ ವಿದ್ಯುದ್ವಹನಕ್ಕಾಗಿ ಬೆರೆಸುವ ಲವಣ ಕಡಿಮೆ ಸಾಕು. ಕೋಶದೊಳಗೆ ಒಮ್ಮೆಗೆ ಇರುವ ದ್ರವ ಸ್ವಲ್ಪವೇ ಆದುದರಿಂದ ಅಪಾಯವೂ ಕಡಿಮೆ. ಎಷ್ಟು ಹರಿವಿಗೆ ಎಷ್ಟು ವಿದ್ಯುತ್ ಎಂಬ ಲೆಕ್ಕವನ್ನು ಇಂದಿಗೂ ಫ್ಯಾರಡೆಯ ನಿಯಮದಿಂದಲೇ ಹಾಕುತ್ತಾರೆ. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ ಈ ಹಸಿರು ಅರ್ಧಮರ್ಧವೇ ಸರಿ.

ಕೊಳೆಯ ವಿಷಯದಲ್ಲಿ ಫ್ಯಾರಡೆ ಸುಮ್ಮನಿದ್ದವರಲ್ಲ. 1855ರ ಜುಲೈಯಲ್ಲಿ ಥೇಮ್ಸ್ ನದಿಯ ಹಬೆದೋಣಿಯಲ್ಲಿ ಹೋಗುತ್ತಿದ್ದಾಗ ಬಿಳಿಯ ಕಾರ್ಡುಗಳನ್ನು ಚೂರುಮಾಡಿ, ನೆನೆಸಿ, ನಿಲ್ದಾಣ ನಿಲ್ದಾಣದಲ್ಲಿಯೂ ನೀರಿಗೆ ಹಾಕಿದರು. ಬಿಸಿಲಿದ್ದರೂ ಒಂದು ಅಂಗುಲ ಮುಳುಗುವ ಮೊದಲೇ ಅವು ಕಾಣದಾದವು. ಆ ಸಂಗತಿಯನ್ನು ಅವರು ಟೈಮ್ಸ್ ಪತ್ರಿಕೆಗೆ ಬರೆದರು. ಮೂರು ವರ್ಷಗಳ ಬಳಿಕ ನದಿಯ ದುರ್ನಾತ ಸಂಸತ್ತಿನೊಳಕ್ಕೇ ಹೊಕ್ಕಾಗ ಒಳಚರಂಡಿಗೆ ಹಣ ಮಂಜೂರಾಯಿತು.

ನೈಟ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಅವರು ಒಲ್ಲೆನೆಂದರು. ಆದರೆ ಕ್ರಿಸ್‌ಮಸ್ ವೇಳೆ ಮಕ್ಕಳಿಗಾಗಿ ನಡೆಸುವ ಉಪನ್ಯಾಸಮಾಲೆಯನ್ನು 19 ಬಾರಿ ನಡೆಸಿಕೊಟ್ಟರು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ತೀರಿಕೊಂಡರು.